ಕುಂಬಳೆ ನಿಲ್ದಾಣದಿಂದ ಅನಂತಪುರಕ್ಕೆ: ಹೆಸರುಗಳ ಹಾದಿಯಲ್ಲಿ ಒಂದು ನಡಿಗೆ

ಕಾಸರಗೋಡಿನಿಂದ ಮಂಗಳೂರಿನ ಕಡೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯನ್ನು ನಮ್ಮವರಲ್ಲಿ ಹೆಚ್ಚಿನವರು ಕಾಲೇಜಿಗೋ, ಆಸ್ಪತ್ರೆಗೋ, ಕೆಲಸಕ್ಕೋ ಹೋಗುವ ವಾಹನವೆಂದಷ್ಟೇ ಬಲ್ಲರು. ನಡುವಿನ ಕುಂಬಳೆ, ಉಪ್ಪಳ, ಮಂಜೇಶ್ವರಗಳು ಕಿಟಕಿಯಾಚೆ ಸರಿದುಹೋಗುವ ಹಳದಿ ಫಲಕಗಳು ಮಾತ್ರ. ಆ ಫಲಕದ ಬಳಿ ಇಳಿದು, ಹಿಂದಿರುಗುವ ಗಾಡಿಯ ಹೊತ್ತಿನವರೆಗೆ ಸುಮ್ಮನೆ ನಡೆಯಬಹುದೆಂಬ ಯೋಚನೆ ನಮಗೆ ಬರುವುದು ಅಪರೂಪ. ಕಳೆದ ಅಕ್ಟೋಬರಿನ ಪೂಜಾ ರಜೆಯಲ್ಲಿ ನಾನು ಕನ್ನಡ ಮಾಧ್ಯಮದ ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳೊಂದಿಗೆ ಕುಂಬಳೆಯಲ್ಲಿ ಹಾಗೆ ಇಳಿದೆ.

ಇದಕ್ಕೊಂದು ಕಾರಣವಿತ್ತು. ರಜೆಗೆ ಮೊದಲು ಒಂದು ಸಂಜೆ ಸೊಸೆ ಮಾತು ತೆಗೆದಳು. "ಮಾವ, ಬರುವ ವರ್ಷ ಇವಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದು ಒಳ್ಳೆಯದೋ ಎಂದು ನಾವಿಬ್ಬರೂ ಯೋಚಿಸುತ್ತಿದ್ದೇವೆ. ಇಲ್ಲಿ ಬಸ್ಸಿನ ಬೋರ್ಡು ಓದುವುದಕ್ಕೂ ಕನ್ನಡ ಬೇಕಾಗುವುದಿಲ್ಲವಲ್ಲ?" ಎಂದು ಕೇಳಿದಳು. ಮಾತಿನಲ್ಲಿ ಕೊಂಕಿರಲಿಲ್ಲ, ಮಗಳ ಮುಂದಿನ ದಾರಿಯ ಕುರಿತು ತಾಯಿಗಿರುವ ಚಿಂತೆ ಮಾತ್ರವಿತ್ತು. ವೃತ್ತಿಯ ಉದ್ದಕ್ಕೂ ಕನ್ನಡವನ್ನೇ ಕಲಿಸಿ ನಿವೃತ್ತನಾದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಬಸ್ಸಿನ ಬೋರ್ಡಿನ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಕಾಸರಗೋಡಿನಿಂದ ಕುಂಬಳೆಗೆ ರೈಲಿನಲ್ಲಿ ಕಾಲು ಗಂಟೆಯ ದಾರಿ. ಮೊಗ್ರಾಲ್ ಹೊಳೆಯ ಸೇತುವೆಯನ್ನು ದಾಟುವಾಗ ಪಡುವಣದ ಅಳಿವೆಯ ಕಡೆಯಿಂದ ಉಪ್ಪುಗಾಳಿ ಬೀಸುತ್ತದೆ. ಮಲಬಾರಿನ ಕಡೆಯಿಂದ ಬಂದ ಈ ಹಳಿ ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಅಂದು ಈ ನಾಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಎಲ್ಲೆಗಳು ಬದಲಾದವು; ಹಳಿ ಮಾತ್ರ ಇದ್ದಲ್ಲೇ ಇದೆ.

ನಿಲ್ದಾಣದ ಪಡುವಣಕ್ಕೆ ಕೋಯಿಪ್ಪಾಡಿಯ ಕಡಲ ಕರೆ, ಮೂಡಣಕ್ಕೆ ಆರು ಪಥಗಳಾಗಿ ಅಗಲಗೊಂಡ ಹೆದ್ದಾರಿ. ಹೆದ್ದಾರಿಯನ್ನು ದಾಟಿ ಪೇಟೆಗೆ ಬಂದರೆ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ಸಿಗುತ್ತದೆ. ತೆಂಕುತಿಟ್ಟಿನ ಯಕ್ಷಗಾನದ ಪಿತಾಮಹನೆಂದು ಗೌರವಿಸಲ್ಪಡುವ ಪಾರ್ತಿಸುಬ್ಬ ಈ ಕುಂಬಳೆಯವನು. ರಾತ್ರಿಯಿಡೀ ಕುಳಿತು 'ಪಂಚವಟಿ'ಯನ್ನು ನೋಡಿದ್ದ ಮೊಮ್ಮಗಳು, ಅದನ್ನು ಬರೆದವನ ಊರು ಮನೆಯಿಂದ ಇಷ್ಟು ಹತ್ತಿರವೆಂದು ತಿಳಿದು ಅಚ್ಚರಿಪಟ್ಟಳು.

ಪೇಟೆಯಿಂದ ಮೂಡಣಕ್ಕೆ ಹೊರಡುವುದು ಬದಿಯಡ್ಕ ರಸ್ತೆ. ಬಸ್ಸೊಂದು ಹೊರಡಲು ಸಿದ್ಧವಾಗಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು "ನಾಯ್ಕಾಪು, ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದ.

"ಅಜ್ಜ, ಅಡ್ಕ ಅಂದರೆ ಏನು?"

"ಬಸ್ಸು ಹತ್ತಿದರೆ ಅದು ತಿಳಿಯುವುದಿಲ್ಲ. ನಡೆಯೋಣ" ಎಂದೆ. ಅವಳ ಕೈಗೆ ಒಂದು ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಕೊಟ್ಟು, ದಾರಿಯಲ್ಲಿ ಕೇಳಿದ ಹೆಸರುಗಳನ್ನೆಲ್ಲ ಬರೆದುಕೊಳ್ಳಲು ಹೇಳಿದೆ.

ನಿಲ್ದಾಣದಿಂದ ಅನಂತಪುರದ ಕೆರೆಗೆ ಸುಮಾರು 5-6 ಕಿಲೋಮೀಟರ್. ನಾಯ್ಕಾಪಿನವರೆಗೆ ಡಾಮರು ರಸ್ತೆ. ಅಲ್ಲಿಂದ ಬಲಕ್ಕೆ ತಿರುಗಿ ಗುಡ್ಡವೇರಬೇಕು. ನಾವು ರಸ್ತೆಯನ್ನು ಬಿಟ್ಟು, ಅವಕಾಶ ಸಿಕ್ಕಲ್ಲೆಲ್ಲ ಗದ್ದೆಯ ಹುಣಿಯ ಮೇಲೆ, ತೋಡಿನ ಅಂಚಿನಲ್ಲಿ, ತೋಟಗಳ ನಡುವಿನ ಓಣಿಯಲ್ಲಿ ನಡೆದೆವು. ಹಾಗೆ ನಡೆದಾಗ ಈ ನೆಲದ ಮೆಟ್ಟಿಲುಗಳು ಕಾಲಿಗೆ ತಿಳಿಯುತ್ತವೆ. ಎಲ್ಲಕ್ಕಿಂತ ಕೆಳಗೆ, ನೀರು ನಿಲ್ಲುವ ತಗ್ಗಿನಲ್ಲಿ ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದರು. ಅದರ ಮೇಲಿನ ಹಂತ ಮಜಲು, ಎರಡು ಬೆಳೆಯ ನೆಲ. ಇನ್ನೂ ಮೇಲಿನದು ಬೆಟ್ಟು, ಮಳೆಯನ್ನೇ ನಂಬಿದ ಒಂದೇ ಬೆಳೆಯ ಗದ್ದೆ. ಅದನ್ನೂ ದಾಟಿ ಹತ್ತಿದರೆ ಪದವು, ಎಂದರೆ ಗುಡ್ಡದ ನೆತ್ತಿಯ ವಿಶಾಲವಾದ ಸಮತಟ್ಟು. ಗಿಡಮರ ಕಡಿಮೆಯಾದ ಬಯಲು ನೆಲವೇ ಅಡ್ಕ.

ಮೊಮ್ಮಗಳು ಪುಸ್ತಕವನ್ನು ಬಿಡಿಸಿ, ತಾನು ಬಲ್ಲ ಊರುಗಳನ್ನು ತಾನೇ ವಿಂಗಡಿಸತೊಡಗಿದಳು. ಬದಿಯಡ್ಕ, ಏತಡ್ಕ, ಉಳಿಯತ್ತಡ್ಕ ಒಂದು ಸಾಲು. ಮೀಯಪದವು, ಕುರುಡಪದವು, ಬಾಯಾರುಪದವು ಇನ್ನೊಂದು. ಬಾಕ್ರಬೈಲು ಬೈಲಿನ ಸಾಲಿಗೆ ಹೋಯಿತು. ಮಜೀರ್ಪಳ್ಳದ ಪಳ್ಳವೆಂದರೆ ನೀರು ನಿಲ್ಲುವ ಹೊಂಡವೆಂದು ನಾನು ಹೇಳಿಕೊಟ್ಟೆ. ಸೀತಾಂಗೋಳಿಯ ಗೋಳಿ ಆಲದ ಮರ. ನೀರ್ಚಾಲಿಗೆ ಅರ್ಥ ಹೇಳುವ ಅಗತ್ಯವೇ ಬೀಳಲಿಲ್ಲ. "ಹಾಗಾದರೆ ಕಂಡಕ್ಟರ್ ಕೂಗಿದ್ದು ಬರೀ ಊರಿನ ಹೆಸರಲ್ಲ, ದಾರಿಯಲ್ಲಿ ಏನೇನಿದೆ ಎಂಬುದನ್ನೂ ಹೇಳಿದರು!" ಎಂದಳು.

ನನ್ನ ವಿದ್ಯೆಯ ಹೆಮ್ಮೆ ಬಹಳ ಹೊತ್ತು ನಿಲ್ಲಲಿಲ್ಲ. ಗುಡ್ಡದ ಬದಿಯಲ್ಲಿ ನಾನು ನೆನಪಿಟ್ಟುಕೊಂಡಿದ್ದ ಕಾಲುದಾರಿ ಮುರಕಲ್ಲಿನ ಕೋರೆಯೊಂದರ ಅಂಚಿನಲ್ಲಿ ಮುಗಿದುಹೋಗಿತ್ತು. ಮುಂದೆ ಆಳವಾದ ಕೆಂಪು ಹೊಂಡ, ತಳದಲ್ಲಿ ಮಳೆಯ ಹಸಿರು ನೀರು. ದಿಕ್ಕು ತೋಚದೆ ನಿಂತಿದ್ದಾಗ, ದನಕ್ಕೆ ಹುಲ್ಲು ಹೊತ್ತು ಬರುತ್ತಿದ್ದ ಹಿರಿಯ ಮಹಿಳೆಯೊಬ್ಬರು ನಮ್ಮನ್ನು ನೋಡಿ ನಕ್ಕರು; ತಮ್ಮ ಹಿಂದೆಯೇ ಬರುವಂತೆ ತುಳುವಿನಲ್ಲಿ ಹೇಳಿದರು. ಅವರ ನಾಲಗೆಯಲ್ಲಿ ಪ್ರತಿಯೊಂದು ತುಂಡು ನೆಲಕ್ಕೂ ಹೆಸರಿತ್ತು. ಅಡಿಕೆ ತೋಟವೊಂದನ್ನು ತೋರಿಸಿ ಅದನ್ನು ಕೊಳಕೆ ಗದ್ದೆಯೆಂದರು. ಭತ್ತ ಬೆಳೆಯುವುದನ್ನು ಬಿಟ್ಟು ಅಡಿಕೆ ಹಾಕಿ ಬಹಳ ವರ್ಷಗಳಾದವಂತೆ. ಆದರೂ ಆ ನೆಲದಲ್ಲಿ ಬೇಸಗೆಯಲ್ಲಿಯೂ ನೀರಿತ್ತೆಂಬುದನ್ನು ಹೆಸರು ಇನ್ನೂ ನೆನಪಿನಲ್ಲಿಟ್ಟುಕೊಂಡಿದೆ. ಆ ತಾಯಿ ಶಾಲೆಗೆ ಹೋದವರಲ್ಲ. ಅವರು ನಡೆಯುತ್ತಾ ಹೇಳಿದ ಏಳು ಹೆಸರುಗಳು ಯಾವ ಬೋರ್ಡಿನಲ್ಲಿಯೂ ಇಲ್ಲ; ಮೊಮ್ಮಗಳ ಪುಸ್ತಕದಲ್ಲಿ ಈಗ ಇವೆ.

ಗುಡ್ಡದ ನೆತ್ತಿಗೆ ಬಂದಾಗ ಪದವು ಕಣ್ಣಮುಂದೆ ತೆರೆದುಕೊಂಡಿತು. ಕಾಲಡಿಯಲ್ಲಿ ಕಪ್ಪಾದ ಮುರಕಲ್ಲಿನ ಹಾಸು, ಅದರ ಸಣ್ಣ ಕುಳಿಗಳಲ್ಲಿ ಮಳೆಗಾಲದ ಕೊನೆಯ ನೀರು. ದೂರದಲ್ಲಿ ಕೈಗಾರಿಕಾ ಶೆಡ್ಡುಗಳ ತಗಡಿನ ಮಾಡುಗಳು. ಈ ಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಅವನು, ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಪದದಿಂದ ಈ ಹೆಸರನ್ನು ರಚಿಸಿ 1807ರ ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದುವಾಗಿದ್ದು, ಗಾಳಿಬಿಸಿಲಿಗೆ ಬಿದ್ದೊಡನೆ ಗಟ್ಟಿಯಾಗುವುದು ಇದರ ಗುಣ. ನಮ್ಮ ಮನೆಯ ಗೋಡೆ, ಬಾವಿಯ ಕಟ್ಟೆ, ಕೋಟೆಗಳ ಬುರುಜು ಎಲ್ಲವೂ ಇದರವೇ.

ಪದವಿನ ಅಂಚಿನ ಗೂಡಂಗಡಿಯಲ್ಲಿ ಚಹಾ ಕುಡಿಯುವಾಗ ಇನ್ನೊಂದು ಪಾಠವಾಯಿತು. ಅಂಗಡಿಯವರು ಮಲಯಾಳ ಮಾತಾಡುವವರು. ಅವರು ಈ ಕಲ್ಲುಹಾಸನ್ನು 'ಪಾರ' ಎಂದರು. ಹುಲ್ಲು ಹೊತ್ತ ತಾಯಿ 'ಪಾದೆ' ಎಂದಿದ್ದರು. ಮೊಮ್ಮಗಳ ಪಾಠಪುಸ್ತಕದಲ್ಲಿ 'ಬಂಡೆ' ಇತ್ತು. ಮೂರನ್ನೂ ಅವಳು ಒಂದರ ಕೆಳಗೊಂದು ಬರೆದುಕೊಂಡಳು. ಕುಳಿಗಳ ಸುತ್ತ ಅರಳಿದ್ದ ಸಣ್ಣ ನೀಲಿ ಹೂಗಳನ್ನು ತೋರಿಸಿ ಅಂಗಡಿಯವರು 'ಕಾಕ್ಕಪೂವು' ಎಂದು ಹೇಳಿ, ಓಣಂ ಹಬ್ಬದ ಹೂವಿನ ಕಳಕ್ಕೆ ಅದನ್ನು ತರುತ್ತಿದ್ದ ಬಾಲ್ಯವನ್ನು ನೆನೆದರು. ನೋಡಲು ಮುಗ್ಧವಾದ ಆ ಗಿಡ ಕೀಟಾಹಾರಿ. ನೀರಿನಲ್ಲಿರುವ ಅತಿಚಿಕ್ಕ ಚೀಲಗಳಿಂದ ಸೂಕ್ಷ್ಮಜೀವಿಗಳನ್ನು ಹಿಡಿದು ಬದುಕುತ್ತದೆ. ಸಾರವಿಲ್ಲದ ಕಲ್ಲಿನ ಮೇಲೆ ಅದಕ್ಕೆ ಬೇರೆ ದಾರಿಯಿಲ್ಲ.

ಅನಂತಪುರದ ದೇವಸ್ಥಾನವಿರುವುದು ಸುಮಾರು ಎರಡು ಎಕರೆಯ ಕೆರೆಯ ನಡುವೆ. ಕೇರಳದ ಏಕೈಕ ಸರೋವರ ಕ್ಷೇತ್ರವೆಂದು ಇದು ಪ್ರಸಿದ್ಧ. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನವೆಂಬುದು ನಂಬಿಕೆ. ಬಿಲ್ವಮಂಗಲ ಮುನಿಯನ್ನು ಕಾಡಿದ ಬಾಲಕನು ಗುಹೆಯೊಂದರಲ್ಲಿ ಮಾಯವಾದನೆಂಬ ಕಥೆಯ ಆ ಗುಹೆಯನ್ನು ಇಂದಿಗೂ ತೋರಿಸುತ್ತಾರೆ. ಈ ಕೆರೆಯಲ್ಲಿ ಬಹುಕಾಲ ಬಾಳಿ, ನೈವೇದ್ಯದ ಅನ್ನವನ್ನುಂಡು ಹೆಸರಾದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಮಗೆ ಅದು ದರ್ಶನ ಕೊಡಲಿಲ್ಲ.

ಗುಹೆಯನ್ನು ಕಂಡ ಮೊಮ್ಮಗಳು ಅದು ಸುರಂಗವೇ ಎಂದು ಕೇಳಿದಳು. ಅಲ್ಲವೆಂದೆ, ಆದರೆ ಪ್ರಶ್ನೆ ಒಳ್ಳೆಯದಿತ್ತು. ನಮ್ಮ ಜಿಲ್ಲೆಯ ಮೂಡಣ ಭಾಗದಲ್ಲಿ, ವಿಶೇಷವಾಗಿ ಬಾಯಾರಿನ ಕಡೆ, ಗುಡ್ಡದ ಮಗ್ಗುಲನ್ನು ಅಡ್ಡವಾಗಿ ಕೊರೆದು ನೀರು ತರುವ ಸುರಂಗಗಳಿವೆ. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ; ಒಳಗಿನ ಒರತೆಯ ನೀರು ಯಾವ ಪಂಪಿನ ಹಂಗೂ ಇಲ್ಲದೆ ತಾನಾಗಿ ಹರಿದು ಅಂಗಳದ ಕೆರೆಗೆ ಬೀಳುತ್ತದೆ. ಆ ನೀರು ಪದವು ಕುಡಿದ ಮಳೆಯೇ. ಕುಳಿಕುಳಿಯಾದ ಮುರಕಲ್ಲು ಮಳೆಗಾಲದಲ್ಲಿ ನೀರನ್ನು ಒಳಗೆಳೆದುಕೊಂಡು, ಬದಿಯ ಒರತೆಗಳಲ್ಲಿ ನಿಧಾನವಾಗಿ ಬಿಡುತ್ತದೆ. ಅಲ್ಲಿಂದ ಚಾಲು, ಚಾಲಿನಿಂದ ತೋಡು, ತೋಡಿನಿಂದ ಬೈಲು. ಪದವು, ನೀರ್ಚಾಲು, ಬೈಲು ಎಂಬ ಹೆಸರುಗಳನ್ನು ಜೋಡಿಸಿದರೆ ನೀರಿನ ದಾರಿಯೇ ಆಗುತ್ತದೆ.

ಆದುದರಿಂದ ಹೆಸರು ಮಸುಕಾಗುವುದು ಭಾಷೆಯೊಂದರ ನಷ್ಟ ಮಾತ್ರವಲ್ಲ. ಹೊರಗಿನವರ ಕಣ್ಣಿಗೆ ಪದವೆಂದರೆ ಏನೂ ಬೆಳೆಯದ ಪಾಳುನೆಲ. ಕೋರೆಗೂ ಶೆಡ್ಡಿಗೂ ಯೋಗ್ಯವಾದ ಜಾಗ. ಆ ಪದದ ಅರ್ಥ ಬಲ್ಲವನಿಗೆ ಅದು ಬೈಲಿನ ತಲೆಯ ಮೇಲಿನ ಕೊಡ. ಊರಿನ ಹೆಸರುಗಳು ಹಲವು ಬಾಯಿಗಳಲ್ಲಿ ಹಲವು ರೂಪ ತಾಳುವುದು ಸಹಜ. ಕುಂಬಳೆ ಕುಂಬಳವಾಗುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ತಾಲೂಕಿನ ಹೆಸರಾಗಿ ಹೊಸದುರ್ಗ ಉಳಿದರೂ ರೈಲು ನಿಲ್ಲುವುದು ಕಾಞಂಗಾಡಿನಲ್ಲಿ. ಸಪ್ತಭಾಷೆಗಳ ನಾಡಿನಲ್ಲಿ ಇದಕ್ಕಾಗಿ ನೆರೆಯವರೊಡನೆ ಮುನಿಸಿಕೊಳ್ಳಬೇಕಾಗಿಲ್ಲ. ನಮ್ಮ ಮಕ್ಕಳ ಬಾಯಲ್ಲಿ ನಮ್ಮ ರೂಪ ಅರ್ಥಸಹಿತ ಉಳಿದಿದೆಯೇ ಎಂಬುದನ್ನು ಮಾತ್ರ ನಾವೇ ನೋಡಿಕೊಳ್ಳಬೇಕು.

ಹೊರಡುವವರಿಗೆ ಕೆಲವು ಸೂಚನೆಗಳು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ನಡಿಗೆಗೆ ಹಿತವಾದ ಕಾಲ. ನೀಲಿ ಹೂ ಬೇಕೆಂದರೆ ಅಕ್ಟೋಬರ್ ಮುಗಿಯುವ ಮೊದಲೇ ಹೋಗಬೇಕು. ಮಧ್ಯಾಹ್ನ ನಡೆ ಮುಚ್ಚುವುದಕ್ಕೆ ಮೊದಲು ಅನಂತಪುರ ತಲಪುವಂತೆ ಬೆಳಗಿನ ಗಾಡಿಯಲ್ಲೇ ಹೊರಡಿರಿ. ಪದವಿನ ಮೇಲೆ ನೆರಳಿಲ್ಲ. ಕೊಡೆಯೂ ನೀರೂ ಇರಲಿ. ಕೋರೆಯ ಹೊಂಡಗಳ ಬಳಿ ಮಕ್ಕಳ ಕೈ ಬಿಡಬಾರದು. ಹತ್ತಿರದ ದಾರಿಯೆಂದು ರೈಲು ಹಳಿಯ ಮೇಲೆ ನಡೆಯುವ ನಮ್ಮೂರ ರೂಢಿ ಬೇಡವೇ ಬೇಡ. ಹಿಂದಿರುಗಲು ನಾಯ್ಕಾಪಿನಿಂದ ಕುಂಬಳೆಗೆ ಬಸ್ಸು ಸಿಗುತ್ತದೆ.

ಇಂತಹ ನಡಿಗೆಗಳಿಗೆ ಬೇರೆ ನಿಲ್ದಾಣಗಳೂ ಇವೆ. ಮಂಜೇಶ್ವರದಲ್ಲಿ ಇಳಿದರೆ ರಾಷ್ಟ್ರಕವಿ ಗೋವಿಂದ ಪೈಗಳ (1883-1963) ಮನೆಯ ಸ್ಮಾರಕ 'ಗಿಳಿವಿಂಡು', ಹೊಳೆಯ ದಂಡೆಯ ಬಂಗ್ರಮಂಜೇಶ್ವರದಲ್ಲಿ ಹಳೆಯ ಜೈನ ಬಸದಿಗಳು. ಕಾಸರಗೋಡು ನಿಲ್ದಾಣದಿಂದ ತೆಂಕಿಗೆ ನಡೆದು ಸೇತುವೆ ದಾಟಿದರೆ ಹದಿನೇಳನೆಯ ಶತಮಾನದ ಚಂದ್ರಗಿರಿ ಕೋಟೆ. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನವರು ಎಣಿಸುತ್ತಿದ್ದ ಹೊಳೆ ಅದರ ಕೆಳಗೇ ಹರಿಯುತ್ತದೆ.

ಆ ರಾತ್ರಿ ಸೊಸೆ ಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅವಳ ತವರು ಮೀಯಪದವು. "ಮಾವ, ಹುಟ್ಟಿದ ಊರಿನ ಹೆಸರಿನಲ್ಲಿ ಪದವು ಏಕಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ" ಎಂದಳು. ಶಾಲೆಯ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ಅದು ಅವರಿಬ್ಬರೂ ಕೂಡಿ ಮಾಡಬೇಕಾದ ತೀರ್ಮಾನ. ಮುಂದಿನ ರಜೆಗೆ ಮಂಜೇಶ್ವರಕ್ಕೆ ಮೂರು ಟಿಕೇಟು ತೆಗೆಯಬೇಕೆಂದು ಮೊಮ್ಮಗಳು ಈಗಲೇ ಹೇಳಿಟ್ಟಿದ್ದಾಳೆ. ಮೂರನೆಯದು ಅವಳ ಅಮ್ಮನಿಗೆ.