ನಿಂತ ಇಂಜಿನ್ನಿನ ಸದ್ದು

ಮಾಡೆಲ್ ರೈಲಿಗೆ ಸೌಂಡ್ ಯಾಕೆ, ಓಡಿದ್ರೆ ಸಾಲ್ದಾ ಅಂತ ಗೆಳೆಯರು ಕೇಳ್ತಾರೆ. ಅವರು ಅರಸೀಕೆರೆಯವರಲ್ಲ, ಬಿಡಿ :-)

ನಮ್ಮೂರು ಜಂಕ್ಷನ್. ಬೇಲೂರು, ಹಳೇಬೀಡು ನೋಡೋಕೆ ಬರೋರು ಇಲ್ಲಿ ಇಳಿದು ಬಸ್ ಹಿಡೀತಿದ್ರು. ನಾವು ನೋಡ್ತಿದ್ದಿದ್ದು ಪ್ಲಾಟ್‌ಫಾರ್ಮಿನಲ್ಲಿ ನಿಂತ ಡೀಸೆಲ್ ಇಂಜಿನ್ನು. ನಿಂತಿದ್ರೂ ಸುಮ್ಮನಿರ್ತಿರಲಿಲ್ಲ, ಗಡಗಡ ಅಂತಾನೇ ಇರ್ತಿತ್ತು...

ಹಳೇ ರೀತಿಯ ಮಾಡೆಲ್‌ನಲ್ಲಿ ಈ ಸದ್ದು ಕಷ್ಟ. ಹಳಿಗೆ ಎಷ್ಟು ವೋಲ್ಟೇಜೋ ಅಷ್ಟು ವೇಗ. ರೈಲು ನಿಲ್ಲಬೇಕಂದ್ರೆ ಕರೆಂಟೇ ತೆಗೀಬೇಕು. ಡಿಜಿಟಲ್ ಕಂಟ್ರೋಲ್, ಅಂದ್ರೆ ಡಿಸಿಸಿ ಬಂದ ಮೇಲೆ ಹಳಿಯಲ್ಲಿ ಯಾವಾಗ್ಲೂ ಕರೆಂಟ್ ಇರುತ್ತೆ. ಅದರಲ್ಲೇ ಸೊನ್ನೆ-ಒಂದುಗಳಾಗಿ ಆಜ್ಞೆ ಹೋಗುತ್ತೆ: '3ನೇ ನಂಬರ್ ಇಂಜಿನ್, ಹಾರ್ನ್ ಹೊಡಿ'. ಇಂಜಿನ್ನಿನೊಳಗಿನ ಡಿಕೋಡರ್ ತನ್ನ ನಂಬರ್ ಬಂದ್ರೆ ಮಾತ್ರ ಕೆಲಸ ಮಾಡುತ್ತೆ. ಚಕ್ರ ನಿಂತಿದ್ರೂ ಸದ್ದು ನಿಲ್ಲಲ್ಲ!

ನನ್ನದರಲ್ಲಿರೋದು ಅಮೆರಿಕದ ಆಲ್ಕೋ 251 ಇಂಜಿನ್ನಿನ ರೆಕಾರ್ಡಿಂಗ್. 1962ರಲ್ಲಿ ಭಾರತಕ್ಕೆ ಬಂದ ಡಬ್ಲ್ಯುಡಿಎಂ-2ರ ಹೊಟ್ಟೆಯಲ್ಲೂ ಇದ್ದಿದ್ದು ಅದೇ 251. ಅಪ್ಪ ಪಕ್ಕದ ರೂಮಿನಿಂದಲೇ ಕೇಳಿ, "ಹಾರ್ನ್ ನಮ್ದಲ್ಲ ಕಣೋ, ಇಂಜಿನ್ ನಮ್ದೇ" ಅಂದ್ರು.

ಆಲ್ಕೋಗಳು ಈಗ ಅಪರೂಪ. ಹಳೇಬೀಡಿನ ಗೋಡೆ ಮೇಲೆ ಮದ್ದಳೆ ಬಾರಿಸೋರು ಸುಮಾರು 900 ವರ್ಷದಿಂದ ಒಡವೆ ಸಮೇತ ನಿಂತಿದ್ದಾರೆ, ಆದ್ರೆ ಆ ಮದ್ದಳೆ ಹೇಗೆ ನುಡೀತಿತ್ತು ಅಂತ ಯಾರಿಗೂ ಗೊತ್ತಿಲ್ಲ. ಮ್ಯೂಸಿಯಂನಲ್ಲಿಟ್ಟ ಇಂಜಿನ್ನೂ ಹಾಗೇ ಆಗುತ್ತೆ. ಕೆಲವು ಡಿಕೋಡರ್‌ಗಳಿಗೆ ನಾವೇ ರೆಕಾರ್ಡ್ ಮಾಡಿದ ಸದ್ದನ್ನೂ ತುಂಬಬಹುದು. ನಮ್ಮ ಹಾರ್ನ್ ಸಮೇತ ಹಳೇ ಆಲ್ಕೋ ಸದ್ದು ನಿಮ್ಮಲ್ಲಿ ಯಾರ ಹತ್ರಾನಾದ್ರೂ ಇದ್ಯಾ? ಇದ್ರೆ ಅಳಿಸಬೇಡಿ, ನನಗೂ ಕಳಿಸಿ.