ಬಂದೂಕಿನ ಪಾಠ

ಚೇಳೂರಿನ ಹಲಸಿನ ಸಂತೆಯನ್ನು ಕಂಡವರಿಗೆ ಆ ಊರಿನ ಹೆಸರು ಬಂದೂಕನ್ನು ನೆನಪಿಗೆ ತರಲಾರದು. ಬೇಸಗೆಯಲ್ಲಿ ಅಲ್ಲಿ ಹಲಸು ರಾಶಿರಾಶಿಯಾಗಿ ಬಂದು ಬೀಳುತ್ತದೆ; ವ್ಯಾಪಾರಿಯು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಕಾಯಿ ಬಲಿತಿದೆಯೇ ಇಲ್ಲವೇ ಎಂಬುದನ್ನು ಅರಿಯುತ್ತಾನೆ. ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ, ಯಾವ ಸರ್ಕಾರವೂ ಅದಕ್ಕೆ ಪ್ರಮಾಣಪತ್ರವನ್ನು ಕೊಡುವುದಿಲ್ಲ. ಬಾರದವನು ವ್ಯಾಪಾರಕ್ಕಿಳಿದರೆ ಅವನ ದುಡ್ಡು ಹೋಗುತ್ತದೆ, ಅಷ್ಟೆ. ಬಂದೂಕಿನ ವಿದ್ಯೆಗೆ ಪ್ರಮಾಣಪತ್ರವುಂಟು. ಆದರೆ ಅದು ಬಾರದವನಿಂದ ಹೋಗುವುದು ಅವನ ದುಡ್ಡಲ್ಲ.

ಆ ಊರಿನ ಅಂಚಿನಲ್ಲಿ ಅಡಕೆ ತೆಂಗುಗಳ ತೋಟವನ್ನಿಟ್ಟುಕೊಂಡಿರುವ ಯಜಮಾನರೊಬ್ಬರಿದ್ದಾರೆ. ಅವರ ತಂದೆಯ ಕಾಲದ ಮದ್ದು ಜಡಿಯುವ ಒಂಟಿ ನಳಿಗೆಯ ಬಂದೂಕೊಂದು ಪಡಸಾಲೆಯ ಗೂಟದಲ್ಲಿ, ಪಂಚಾಂಗದ ಪಕ್ಕದಲ್ಲಿ, ತೂಗುತ್ತಿತ್ತು. ಬೆಳೆಯ ರಕ್ಷಣೆಗೆಂದು ಪಡೆದ ರಹದಾರಿ ಅದಕ್ಕಿತ್ತು. ತಂದೆಯವರು ಅದನ್ನು ಹಾರಿಸಿದ್ದಕ್ಕಿಂತ ಹೆಚ್ಚಾಗಿ ಹೊತ್ತದ್ದೇ ನಿಜ. ಏಕೆಂದರೆ ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕಾಗಿತ್ತು. ಆ ಬಂದೂಕಿಗೆ ತೋಟದ ದಾರಿಗಿಂತ ಠಾಣೆಯ ದಾರಿಯೇ ಚೆನ್ನಾಗಿ ತಿಳಿದಿತ್ತೆಂದು ಮನೆಯವರು ನಗುತ್ತಿದ್ದರು.

೨೦೧೯ರ ಕೊನೆಯಿಂದ ೨೦೨೦ರ ಮೊದಲವರೆಗೆ ಆ ನಗೆ ಇರಲಿಲ್ಲ. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ಮನುಷ್ಯರ ಮೇಲೆ ಬಿದ್ದು, ಎಳೆಯ ಮಕ್ಕಳೂ ಸೇರಿದಂತೆ ಕೆಲವರು ಪ್ರಾಣ ಕಳೆದುಕೊಂಡರು. ಸಂಜೆಯಾಗುತ್ತಲೇ ಬಾಗಿಲುಗಳು ಮುಚ್ಚಿದವು. ಅದೇ ವೇಳೆಗೆ ತಂದೆಯವರು ತೀರಿಕೊಂಡಿದ್ದರು. ಯಜಮಾನರು ರಹದಾರಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೊರಟರು.

ಶಸ್ತ್ರಗಳ ಕಾಯಿದೆಯು ೧೯೫೯ರದು. ಅದರ ಕೆಳಗೆ ೨೦೧೬ರಲ್ಲಿ ಬಂದ ಹೊಸ ನಿಯಮಗಳು, ಆಯುಧವನ್ನು ಇಟ್ಟುಕೊಳ್ಳಬಯಸುವವನಿಗೆ ತರಬೇತಿಯ ಪ್ರಮಾಣಪತ್ರವಿರಬೇಕೆಂದು ವಿಧಿಸಿದವು. ಅಪಾಯವಿಲ್ಲದಂತೆ ಹಿಡಿಯುವುದು, ಹಾರಿಸುವುದು, ಶುಚಿಯಾಗಿಡುವುದು, ಜೋಪಾನವಾಗಿಟ್ಟು ಸಾಗಿಸುವುದು, ಹೀಗೆ ಪಾಠದ ಅಂಗಗಳನ್ನೂ ಹೆಸರಿಸಿದವು. ಒಳ್ಳೆಯ ನಿಯಮವೇ ಸರಿ. ಆದರೆ ಪಾಠ ಹೇಗೆ ನಡೆಯಿತೆಂಬುದು ಕಾಗದದ ಮೇಲೆ ಕಾಣುವುದಿಲ್ಲ. ಮನಸ್ಸಿಟ್ಟು ಕಲಿಸಿದ ಗುರುವಿನ ಪತ್ರಕ್ಕೂ ಮೊಹರೊಂದೇ, ಕಲಿಸದವನ ಪತ್ರಕ್ಕೂ ಮೊಹರೊಂದೇ.

ಯಜಮಾನರು ಎಲ್ಲಿಗೆ ಹೋಗಿ ಕಲಿತರೆಂಬುದನ್ನು ಇಲ್ಲಿ ಹೇಳಬೇಕಾದುದಿಲ್ಲ. ಹತ್ತು ಗಂಟೆಗೆ ಎಂದಿದ್ದ ಶಿಬಿರ ಹನ್ನೆರಡಕ್ಕೆ ಮೊದಲಾಯಿತು. ಶಾಮಿಯಾನದ ಕೆಳಗೆ ದೊಡ್ಡವರೊಬ್ಬರು ನಾಗರಿಕನ ಕರ್ತವ್ಯವನ್ನು ಕುರಿತು ಒಂದು ಗಂಟೆ ಮಾತನಾಡಿದರು. ಊಟವಾಯಿತು. ಬಳಿಕ ಒಬ್ಬೊಬ್ಬರನ್ನೇ ಚಾಪೆಯ ಮೇಲೆ ಬೋರಲು ಮಲಗಿಸಿ, ರೈಫಲನ್ನು ಭುಜಕ್ಕೆ ಕೊಟ್ಟು ಐದು ಗುಂಡು ಹಾರಿಸಿದರು. ಹಾರಿಸಿದರೆಂದರೆ, ಗುಂಡು ತುಂಬಿದವನೂ ಪೇದೆ, ಭುಜ ಸರಿಪಡಿಸಿದವನೂ ಪೇದೆ. ಬೆರಳು ಮಾತ್ರ ಇವರದು. ನಿಮ್ಮ ಮನೆಯಲ್ಲಿರುವುದು ಎಂಥ ಬಂದೂಕೆಂದು ಯಾರೂ ಕೇಳಲಿಲ್ಲ. ಕಾಡುಹಂದಿಯನ್ನಾಗಲಿ ಚಿರತೆಯನ್ನಾಗಲಿ ಕೊಲ್ಲಲು ಬಂದೂಕಿನ ರಹದಾರಿಯೊಂದೇ ಸಾಲದೆಂದೂ, ೧೯೭೨ರ ವನ್ಯಜೀವಿ ಕಾಯಿದೆಯ ಮಾತು ಬೇರೆಯೇ ಇದೆಯೆಂದೂ ಯಾರೂ ತಿಳಿಸಲಿಲ್ಲ. ಸಂಜೆ ಐದಕ್ಕೆ ಪತ್ರ ಕೈಗೆ ಬಂದಿತು.

ಮುಂದಿನ ವರುಷ ಅವರ ಸೋದರಳಿಯನೂ ಇಂಥದೇ ಪತ್ರಕ್ಕಾಗಿ ಬೇರೊಂದು ಕಡೆಗೆ ಹೋದನು. ಅಲ್ಲಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಮೊದಲ ಎರಡು ದಿನ ಅವರು ಗುಂಡನ್ನು ಕಣ್ಣಿಗೂ ತೋರಿಸಲಿಲ್ಲ. ಸಾಲಾಗಿ ನಿಲ್ಲಿಸಿ ಪ್ರತಿಯೊಬ್ಬನ ಕೈಗೂ ಬಂದೂಕನ್ನು ಕೊಡುವರು. ಒಳಗೆ ತುಂಬಿದೆಯೇ ಎಂದು ನೋಡದೆ ತೆಗೆದುಕೊಂಡವನು ಸಾಲಿನ ಕೊನೆಗೆ ಹೋಗಬೇಕು. ಎರಡನೆಯ ಸಲ ನೋಡಿ ತೆಗೆದುಕೊಂಡು ನಳಿಗೆಯನ್ನು ಪಕ್ಕದವನ ಕಡೆಗೆ ತಿರುಗಿಸಿದವನೂ ಕೊನೆಗೆ ಹೋಗಬೇಕು. ಮೂರನೆಯ ದಿನ ಗುರಿಯಿಟ್ಟವನ ಕಿವಿಯಲ್ಲಿ, "ಗುರಿಯ ಹಿಂದೆ ಏನಿದೆ?" ಎಂದು ಕೇಳುವರು. ಉತ್ತರ ಬಾರದಿದ್ದರೆ ಬಂದೂಕನ್ನು ಇಳಿಸಬೇಕು. ಆ ಪುಟ್ಟ ರೈಫಲಿನ ಗುಂಡು ಗುರಿ ತಪ್ಪಿದರೆ ಒಂದು ಮೈಲಿಗೂ ಮಿಗಿಲಾಗಿ ಹೋಗಬಲ್ಲುದಂತೆ.

ಯುಗಾದಿಯ ಊಟದಲ್ಲಿ ಅಳಿಯನು ಇದನ್ನೆಲ್ಲ ಬಣ್ಣಿಸಿದಾಗ ಯಜಮಾನರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಮ್ಮ ಕಡೆ ಊಟ ಚೆನ್ನಾಗಿತ್ತಪ್ಪ" ಎಂದರು.

ಈ ತಾರತಮ್ಯ ನಮ್ಮಲ್ಲಿ ಮಾತ್ರ ಕಾಣುವುದಲ್ಲ. ಪಿಸ್ತೂಲನ್ನು ಅಂಗಿಯೊಳಗೆ ಅಡಗಿಸಿಕೊಂಡು ತಿರುಗುವುದು ಹಕ್ಕೆಂದು ಬಗೆಯುವ ಅಮೆರಿಕದಲ್ಲಿ, ಒಂದು ಸಂಸ್ಥಾನ ಗುಂಡು ಹಾರಿಸಿ ತೋರಿಸೆಂದರೆ, ಇನ್ನೊಂದು ಪಾಠ ಕೇಳಿದರೆ ಸಾಕೆನ್ನುತ್ತದೆ; ಅರ್ಧಕ್ಕಿಂತ ಹೆಚ್ಚು ಸಂಸ್ಥಾನಗಳು ಈಗ ಅದಕ್ಕೆ ರಹದಾರಿಯನ್ನೇ ಕೇಳುವುದಿಲ್ಲ. ಜಪಾನಿನಲ್ಲಾದರೋ ಬರೆಯುವ ಪರೀಕ್ಷೆಯೂ ಹಾರಿಸುವ ಪರೀಕ್ಷೆಯೂ ಆಗದೆ ಹಕ್ಕಿ ಹೊಡೆಯುವ ಬಂದೂಕೂ ದೊರೆಯದು. ನಮ್ಮ ನೆರೆಯ ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ರಹದಾರಿಯ ವಿನಾಯಿತಿಯಿದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರುಷ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಮಾಡಿ, ತೆಂಗಿನಕಾಯಿಗೆ ಗುರಿಯಿಡುವ ಆ ಮನೆಗಳಲ್ಲಿ ಹುಡುಗನಿಗೆ ಹಿರಿಯರ ಗದರಿಕೆಯೇ ಪಾಠ. ಚೇಳೂರಿನ ಯಜಮಾನರಿಗೆ ಹಾಗೆ ಗದರಿಸಿದವರು ಯಾರೂ ಇರಲಿಲ್ಲ.

ಮಾಗಿಯ ಒಂದು ರಾತ್ರಿ, ಎರಡು ಗಂಟೆಯಿರಬೇಕು, ತೋಟದ ಮೂಲೆಯಲ್ಲಿ ಸೋಗೆ ಸರಸರನೆಂದಿತು. ಹಿಂದಿನ ವಾರವಷ್ಟೇ ಹಂದಿಗಳು ಬಂದು ಎಳೆಯ ಸಸಿಗಳನ್ನು ಮಗುಚಿಹಾಕಿದ್ದವು. ಯಜಮಾನರು ಹೊತ್ತುಮುಂಚೆಯೇ ಮದ್ದು ಜಡಿದಿಟ್ಟಿದ್ದ ಬಂದೂಕನ್ನೆತ್ತಿಕೊಂಡು, ಕೇಪನ್ನು ಕೂರಿಸಿ, ಕುದುರೆಯನ್ನು ಹಿಂದಕ್ಕೆಳೆದು, ಸದ್ದಿನತ್ತ ಹೆಜ್ಜೆಯಿಟ್ಟರು. ಅಡಕೆಯ ಮರಗಳ ನಡುವೆ ಕಪ್ಪನೆಯ ಆಕಾರವೊಂದು ಬಾಗಿ ಅಲುಗುತ್ತಿತ್ತು. ಭುಜಕ್ಕೇರಿಸಿದರು. ಬೆರಳು ಬಿಗಿಯಿತು.

ಆಕಾರವು ಕೆಮ್ಮಿತು.

"ಯಾರದು?" ಎಂಬ ಮಾತು ಯಜಮಾನರ ಗಂಟಲಿನಿಂದ ಹೊರಬರಲು ತುಸು ಹೊತ್ತೇ ಹಿಡಿಯಿತು.

"ನಾನು ಕಣಣ್ಣ. ಕರೆಂಟು ಈಗ ಬಂತು, ಮೋಟ್ರು ಹಾಕಕ್ಕೆ ಬಂದೆ. ನಿಮ್ ಬದೀಲಿ ಪೈಪು ಬಿಟ್ಟೋಗೈತೆ, ಕಟ್ತಾ ಇದ್ದೆ."

ಪಕ್ಕದ ತೋಟದವನು. ಪಂಪಿಗೆ ಬೇಕಾದ ಕರೆಂಟು ಯಾವ ಹೊತ್ತಿಗೆ ಬಂದರೂ ಆ ಹೊತ್ತಿಗೆ ಏಳಬೇಕಾದ ಬಾಳು ಅವನದು, ಯಜಮಾನರದೂ ಅದೇ. ಅವನು ಪೈಪು ಕಟ್ಟಿ, ಬೀಡಿ ಹಚ್ಚಿ, "ಬತ್ತೀನಣ್ಣ" ಎಂದು ಹೊರಟುಹೋದನು. ಕತ್ತಲೆಯಲ್ಲಿ ಬಂದೂಕನ್ನು ಅವನು ಕಾಣಲೇ ಇಲ್ಲ.

ಯಜಮಾನರ ಕೈಗಳು ಆಗ ನಡುಗತೊಡಗಿದವು. ಎಳೆದ ಕುದುರೆ ಎಳೆದಂತೆಯೇ ಇತ್ತು. ಅದನ್ನು ಸಿಡಿಯದಂತೆ ಇಳಿಸುವುದು ಹೇಗೆಂಬುದು ಅವರಿಗೆ ತಿಳಿಯದು. ತಿಳಿಯದೆಂಬುದೇ ಅವರಿಗೆ ಆಗ ತಿಳಿದುದು. ನಳಿಗೆಯನ್ನು ಕೆರೆಯ ಏರಿಯ ಮಣ್ಣಿಗೆ ತಿರುಗಿಸಿಕೊಂಡು ಬದುವಿನ ಮೇಲೆ ಕುಳಿತು, ಅಳಿಯನಿಗೆ ಫೋನು ಮಾಡಿ, ಮಂಜಿನಲ್ಲಿ ಬೆಳಗಿನವರೆಗೆ ಹಾಗೆಯೇ ಇದ್ದರು. ಅಳಿಯನು ಬಂದು ಕುದುರೆಯನ್ನು ಹೆಬ್ಬೆರಳಿನಿಂದ ತಡೆಹಿಡಿದು, ಮೊದಲು ಕೇಪನ್ನು ತೆಗೆದು, ಆಮೇಲೆ ಮೆಲ್ಲನೆ ಇಳಿಸಿದನು. ಬಳಿಕ ಗಜವನ್ನು ನಳಿಗೆಯೊಳಗೆ ಬಿಟ್ಟು, ಅದು ಬಾಯಿಯಿಂದ ಎಷ್ಟು ಹೊರಗುಳಿಯಿತೆಂಬುದನ್ನು ತೋರಿಸಿದನು. "ಬರಿದಾಗಿದ್ದರೆ ಇದು ತಳದವರೆಗೆ ಹೋಗುತ್ತದೆ, ಮಾವ. ಒಳಗೆ ಮದ್ದಿದ್ದರೆ ಹೀಗೆ ಮೇಲೆ ನಿಲ್ಲುತ್ತದೆ. ಗಜಕ್ಕೊಂದು ಗುರುತು ಕೆತ್ತಿಕೊಂಡರಾಯಿತು."

ಇಷ್ಟು ಚಿಕ್ಕ ಸಂಗತಿ! ತಂದೆಯ ಗಜದಲ್ಲಿ ಆ ಗುರುತು ಮೊದಲೇ ಇತ್ತು. ಯಾವುದೋ ಗೀರೆಂದು ಯಜಮಾನರು ಅಷ್ಟು ವರುಷವೂ ಭಾವಿಸಿದ್ದರು.

ಆ ವಾರವೇ ಪಡಸಾಲೆಯ ಗೂಟ ಬರಿದಾಯಿತು. ಬಂದೂಕು ಬೀರುವಿಗೂ, ಮದ್ದು ಕೇಪುಗಳು ಬೇರೊಂದು ಪೆಟ್ಟಿಗೆಗೂ ಹೋದವು. ನೆರೆಯವನಿಗೆ ನಡೆದುದನ್ನು ಹೇಳಬೇಕೆಂದು ಯಜಮಾನರು ಎರಡು ಬಾರಿ ಬೇಲಿಯವರೆಗೆ ಹೋಗಿ, ಬೇರೆ ಮಾತನಾಡಿ ಹಿಂದಿರುಗಿದರು. ಮೂರನೆಯ ಬಾರಿ ಹೇಳಿದರು. ಅವನು ಬಹಳ ಹೊತ್ತು ಸುಮ್ಮನಿದ್ದು, "ಇನ್ಮೇಲೆ ಬ್ಯಾಟ್ರಿ ಹಾಕ್ಕೊಂಡೇ ಬತ್ತೀನಿ ಬಿಡಣ್ಣ" ಎಂದನು. ತಪ್ಪು ತನ್ನದೆಂಬಂತೆ ಅವನು ಆಡಿದ ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನೋಯಿಸಿತು.

ಮುಂದಿನ ಶಿಬಿರದಲ್ಲಿ ಯಜಮಾನರು ಹವಾಲ್ದಾರರೆದುರು ನಿಂತು ತಮ್ಮ ಪ್ರಮಾಣಪತ್ರವನ್ನು ತೋರಿಸಿದರು. ಅವರು ಅದನ್ನು ಓದಿ, ಮಡಿಸಿ ಹಿಂದಕ್ಕೆ ಕೊಟ್ಟು, ಮೇಜಿನ ಮೇಲಿನ ಬಂದೂಕನ್ನೆತ್ತಿ ನೀಡಿದರು. ಯಜಮಾನರು ವಿನಯದಿಂದ ಎರಡು ಕೈಯಲ್ಲೂ ಅದನ್ನು ತೆಗೆದುಕೊಂಡರು. ತೆಗೆದುಕೊಂಡ ಮೇಲೆ ನೆನಪಾಯಿತು.

ಹವಾಲ್ದಾರರು ಏನನ್ನೂ ಹೇಳದೆ ಕೈ ತೋರಿದರು. ಯಜಮಾನರು ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಅವರ ಮುಂದೆ ಹನ್ನೊಂದು ಮಂದಿಯಿದ್ದರು.