ಬಾಡಿಗೆಯ ಮೋಟಾರಿನಲ್ಲಿ ಬಾಣಂತನಕ್ಕೆ

ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರುವುದು ನಮ್ಮ ಹಿರಿಯರ ಕಾಲದಿಂದ ನಡೆದು ಬಂದ ಪದ್ಧತಿ. ಈಗ ಕಾಲ ತಿರುಗಿದೆ. ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳಿದ್ದಲ್ಲಿಗೆ ಹೋಗಬೇಕಾಗಿದೆ. ನಮ್ಮ ಮಗಳು ಆಸ್ಟ್ರಿಯಾ ದೇಶದ ಸಾಲ್ಸ್‌ಬುರ್ಗ್ ಪಟ್ಟಣದಲ್ಲಿರುವಳು. 2023ನೆಯ ಡಿಸೆಂಬರ್ ತಿಂಗಳ ಎರಡನೆಯ ವಾರಕ್ಕೆ ಆಕೆಗೆ ದಿನ ತುಂಬುವುದೆಂದು ವೈದ್ಯರು ಹೇಳಿದ್ದರು. ಆದುದರಿಂದ ನಾನೂ ನನ್ನ ಹೆಂಡತಿಯೂ ಒಂದನೆಯ ತಾರೀಖು ಶುಕ್ರವಾರ ಜರ್ಮನಿಯ ಮ್ಯೂನಿಕ್ ನಗರದಲ್ಲಿ ವಿಮಾನದಿಂದ ಇಳಿದೆವು. ನನ್ನ ತಮ್ಮನ ಮಗನಿಗೆ ಅಲ್ಲಿಯೇ ಉದ್ಯೋಗ. ಆ ರಾತ್ರಿ ಅವನ ಮನೆಯಲ್ಲಿದ್ದು, ಮರುದಿನ ಬೆಳಿಗ್ಗೆ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಸಾಲ್ಸ್‌ಬುರ್ಗ್ ಎಂದು ಎಣಿಸಿದ್ದೆವು.

ಮನುಷ್ಯನ ಎಣಿಕೆ ಹಾಗಿತ್ತು. ರಾತ್ರಿಯೆಲ್ಲ ಹಿಮ ಬಿದ್ದಿತು. ಬೆಳಿಗ್ಗೆ ಕಿಟಕಿಯ ತೆರೆ ಸರಿಸಿದರೆ ಬೀದಿಯಲ್ಲಿ ನಿಂತಿದ್ದ ಮೋಟಾರುಗಳು ಕಾಣಿಸಲಿಲ್ಲ. ಅವು ಇದ್ದೆಡೆಯಲ್ಲಿ ಬಿಳಿಯ ದಿಬ್ಬಗಳು ಮಾತ್ರ ಇದ್ದವು. ನಲವತ್ತನಾಲ್ಕು ಸೆಂಟಿಮೀಟರು ಹಿಮವಂತೆ. 1933ರಿಂದ ಲೆಕ್ಕ ಇಟ್ಟಂದಿನಿಂದ ಆ ನಗರದಲ್ಲಿ ಯಾವ ಡಿಸೆಂಬರಿನಲ್ಲಿಯೂ ಅಷ್ಟು ಬಿದ್ದಿರಲಿಲ್ಲವಂತೆ. ವಿಮಾನ ನಿಲ್ದಾಣ ಮುಚ್ಚಿತು. ಮುಖ್ಯ ರೈಲು ನಿಲ್ದಾಣಕ್ಕೆ ಒಂದು ಗಾಡಿಯೂ ಬರಲಿಲ್ಲ. ಹಿಮವೆಂದರೆ ಚಿತ್ರಪಟದಲ್ಲಿ ನೋಡುವ ವಸ್ತುವೆಂದು ತಿಳಿದಿದ್ದ ನಮಗೆ, ಅದು ಇಷ್ಟು ಸದ್ದಿಲ್ಲದೆ ಇಷ್ಟು ಕೆಲಸ ಕೆಡಿಸಬಲ್ಲುದೆಂದು ಗೊತ್ತಿರಲಿಲ್ಲ.

ಭಾನುವಾರವೂ ರೈಲಿಲ್ಲ. ನನ್ನ ಹೆಂಡತಿ ಕೈಕಟ್ಟಿ ಕುಳಿತುಕೊಳ್ಳುವವಳಲ್ಲ. ಹಾಲು, ಬೆಣ್ಣೆ, ತುಪ್ಪ ಇವುಗಳನ್ನು ಹೊರದೇಶದಿಂದ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿರುವುದರಿಂದ, ಶುಂಠಿ, ಮೆಣಸು, ಹಿಪ್ಪಲಿ, ಓಮಗಳ ಪುಡಿಯನ್ನು ಮಾತ್ರ ಊರಿನಿಂದ ತಂದಿದ್ದಳು. ಈಗ ಹುಡುಗನನ್ನು ಅಟ್ಟಿ ಅಂಗಡಿಗಳಲ್ಲಿ ಬೆಣ್ಣೆ ಹುಡುಕಿಸಿದಳು. ಭಾನುವಾರ ಆ ಊರಿನಲ್ಲಿ ಅಂಗಡಿಗಳು ಮುಚ್ಚಿರುವುದು ನಿಯಮ. ಅವನು ಎಲ್ಲಿಂದಲೋ, ಬಹುಶಃ ನೆರೆಹೊರೆಯವರನ್ನು ಬೇಡಿ, ಆರು ಪೊಟ್ಟಣ ತಂದನು. ಸಂಜೆಯ ಹೊತ್ತಿಗೆ ಮನೆಯೆಲ್ಲ ಘಮಘಮಿಸುತ್ತ ಒಂದು ಗಾಜಿನ ಭರಣಿ ತುಪ್ಪ ಸಿದ್ಧವಾಯಿತು.

ಸೋಮವಾರ ಬೆಳಿಗ್ಗೆ ಅಳಿಯನಿಂದ ದೂರವಾಣಿ ಬಂದಿತು. ಮಗಳಿಗೆ ಸಣ್ಣಗೆ ನೋವು ಕಾಣಿಸಿಕೊಂಡಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದರು. ವೈದ್ಯರು ಹೇಳಿದ ದಿನಕ್ಕಿಂತ ವಾರ ಮೊದಲು. ನನ್ನ ಹೆಂಡತಿ ಏನೂ ಮಾತನಾಡಲಿಲ್ಲ. ಉಣ್ಣೆಯ ಕೋಟು ತೊಟ್ಟು, ಭರಣಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತಳು.

"ರೈಲನ್ನು ನಂಬುವುದು ಬೇಡ, ದೊಡ್ಡಪ್ಪ. ಬಾಡಿಗೆಗೆ ಕಾರು ತೆಗೆದುಕೊಳ್ಳೋಣ" ಎಂದನು ಹುಡುಗ.

ಬಾಡಿಗೆ ಕಾರಿನ ಕಚೇರಿಯಲ್ಲಿ ನಡೆದುದನ್ನು ಕೊಂಚ ವಿವರವಾಗಿ ಹೇಳಬೇಕು. ನಮ್ಮಲ್ಲಿ ಬಾಡಿಗೆ ಮೋಟಾರೆಂದರೆ ಜೊತೆಗೆ ಡ್ರೈವರೂ ಬರುವನು. ಅಲ್ಲಿ ಬೀಗದ ಕೈ ಮಾತ್ರ ಕೊಡುವರು, ನಡೆಸುವವರು ನಾವೇ. ನಾನು ಮೂವತ್ತು ವರ್ಷ ಕಾರು ನಡೆಸಿದವನು, ಮೈಸೂರಿನ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಂಡು ಹೋಗಿದ್ದೆನು. ಆದರೆ ಕರಾರಿನಲ್ಲಿ ಹೆಸರಿಲ್ಲದವನು ಚಕ್ರ ಹಿಡಿದರೆ ವಿಮೆ ನಿಲ್ಲುವುದಿಲ್ಲವಂತೆ. ಹುಡುಗನ ಹೆಸರೊಂದನ್ನೇ ಬರೆಸಿದೆವು. ಅದೇ ಒಳ್ಳೆಯದಾಯಿತು.

ಕರಾರನ್ನು ಓದುತ್ತ ಅವನು ಒಂದು ಕಡೆ ಬೆರಳಿಟ್ಟು ನಿಲ್ಲಿಸಿದನು. ಕಾರನ್ನು ಜರ್ಮನಿಯೊಳಗೆ ಮಾತ್ರ ಓಡಿಸತಕ್ಕದ್ದು ಎಂದು ಅಲ್ಲಿ ಅಚ್ಚಾಗಿತ್ತು. ಆಸ್ಟ್ರಿಯಾಕ್ಕೆ ಹೋಗಬೇಕೆಂದು ಹೇಳಿದ ಮೇಲೆ ಗುಮಾಸ್ತನು ಬೇರೆ ಹಣ ಕಟ್ಟಿಸಿಕೊಂಡು ಅನುಮತಿಯನ್ನು ಬರೆದುಕೊಟ್ಟನು. ಬಾಯಿಂದ ಹೇಳದೆ ಹೊರಟಿದ್ದರೆ, ಗಡಿಯಾಚೆ ಒಂದು ಗೀರು ಬಿದ್ದರೂ ಪೂರ್ತಿ ನಷ್ಟ ನಮ್ಮ ತಲೆಯ ಮೇಲೆ.

ಅಲ್ಲಿಗೂ ಮುಗಿಯಲಿಲ್ಲ. ಹುಡುಗನು ಹೊರಗೆ ಬಂದು, ಜೇಬಿನಿಂದ ಎರಡು ಯೂರೋವಿನ ನಾಣ್ಯ ತೆಗೆದು, ಮಂಡಿಯೂರಿ, ಟೈರಿನ ಮೈಮೇಲಿನ ಸಂದಿಯೊಳಗೆ ಅದನ್ನು ತೂರಿಸಿದನು. ಆ ನಾಣ್ಯದ ನಡುವೆ ಹೊನ್ನಿನ ಬಣ್ಣ, ಸುತ್ತಲೂ ಬೆಳ್ಳಿಯ ಬಣ್ಣದ ಅಂಚು. ಆ ಅಂಚಿನ ಅಗಲ ಸುಮಾರು ನಾಲ್ಕು ಮಿಲಿಮೀಟರು. ಅಂಚು ಪೂರ್ತಿ ಮುಳುಗಿದರೆ ಸಂದಿ ಅಷ್ಟು ಆಳವಿದೆಯೆಂದು ಅರ್ಥ. ಮುಂದಿನ ಎರಡು ಚಕ್ರಗಳಲ್ಲಿಯೂ ಅಂಚು ಇಣುಕುತ್ತಿತ್ತು.

ಚಳಿಗಾಲದ ಟೈರಿನ ವಿಷಯವನ್ನು ನಾನು ಅಂದೇ ಕೇಳಿದುದು. ಸುಮಾರು ಏಳು ಡಿಗ್ರಿಗಿಂತ ಚಳಿ ಹೆಚ್ಚಿದರೆ ಸಾಮಾನ್ಯ ರಬ್ಬರು ಗಡುಸಾಗಿ ನೆಲವನ್ನು ಕಚ್ಚುವುದಿಲ್ಲ. ಚಳಿಗಾಲದ್ದು ಮೆತ್ತಗೇ ಇರುವುದು. ಮೂರು ಶಿಖರದ ಬೆಟ್ಟದೊಳಗೆ ಒಂದು ಹಿಮದ ಹರಳು, ಇದು ಅದರ ಗುರುತು. ಹಿಮ ಬಿದ್ದ ರಸ್ತೆಯಲ್ಲಿ ಇಂಥ ಟೈರಿಲ್ಲದೆ ಹೋಗುವುದು ಎರಡು ದೇಶಗಳಲ್ಲಿಯೂ ತಪ್ಪು. ಆದರೆ ಸಂದಿಯ ಆಳ 1.6 ಮಿಲಿಮೀಟರು ಇದ್ದರೆ ಜರ್ಮನಿಯ ಕಾನೂನಿಗೆ ಸಾಕು. ಆಸ್ಟ್ರಿಯಾದಲ್ಲಿ 4 ಇರಬೇಕು. ಅದಕ್ಕೆ ಕಡಿಮೆಯಾದರೆ ಚಳಿಗಾಲದ ಟೈರು ಬೇಸಿಗೆಯ ಟೈರಿಗೆ ಸಮ. ಒಂದೇ ಕಾರು, ಒಂದೇ ಹಿಮ. ಗೆರೆಯ ಈಚೆಗೆ ಸಜ್ಜನ, ಆಚೆಗೆ ಅಪರಾಧಿ.

"ಇಲ್ಲಿ ಇದು ಕಾನೂನಿಗೆ ಸರಿಯಾಗಿದೆ" ಎಂದನು ಗುಮಾಸ್ತ. ಅವನು ಹೇಳಿದುದು ನಿಜ. ಬೇರೆ ಕಾರು ಮೂರು ಗಂಟೆಯ ಮೇಲೆ ಬರುವುದೆಂದೂ ಹೇಳಿದನು.

ವಾಚಕರ ಮುಂದೆ ನನ್ನ ತಪ್ಪನ್ನು ಮುಚ್ಚಿಡಲಾರೆ. ಮೂವತ್ತೊಂದು ವರ್ಷ ಪಾಠಶಾಲೆಯಲ್ಲಿ ಮಕ್ಕಳಿಗೆ ನಿಯಮ ಹೇಳಿಕೊಟ್ಟವನು ನಾನು. ಆ ಹೊತ್ತಿನಲ್ಲಿ, "ಒಂದು ಮಿಲಿಮೀಟರಿಗಾಗಿ ಮೂರು ಗಂಟೆ ಕಾಯುವುದೇ? ನಡೆ, ಯಾರು ನೋಡುವರು?" ಎಂದುಬಿಟ್ಟೆನು. ದನಿಯೂ ಏರಿತ್ತು.

ಹುಡುಗನು ತಲೆ ತಗ್ಗಿಸಿದನು. "ನೀವು ಬೈದರೂ ಸರಿ, ದೊಡ್ಡಪ್ಪ. ಈ ಕಾರಿನಲ್ಲಿ ದೊಡ್ಡಮ್ಮನನ್ನು ಕೂರಿಸಿಕೊಂಡು ನಾನು ಹೊರಡುವುದಿಲ್ಲ."

ನಾನು ಹೆಂಡತಿಯ ಮುಖ ನೋಡಿದೆನು. ಮಗಳಿಗಾಗಿ ಅವಳ ಜೀವ ನನಗಿಂತ ಹೆಚ್ಚು ಚಡಪಡಿಸುತ್ತಿರಬೇಕು. ಅವಳು ಕಚೇರಿಯ ಕುರ್ಚಿಯ ಮೇಲೆ ಕುಳಿತು, ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು, "ಕಾಯೋಣ. ನಾವು ದಾರಿಯಲ್ಲಿ ಸಿಕ್ಕಿಬಿದ್ದರೆ ಅವಳಿಗೆ ನಮ್ಮ ಚಿಂತೆಯೂ ಸೇರಿಕೊಳ್ಳುತ್ತದೆ" ಎಂದಳು. ಆ ಮೂರು ಗಂಟೆಗಳಲ್ಲಿ ನಾನು ಅವರಿಬ್ಬರೊಡನೆಯೂ ಮಾತನಾಡಲಿಲ್ಲ. ಅಳಿಯನಿಂದಲೂ ಸುದ್ದಿಯಿಲ್ಲ. ಗೋಡೆಯ ಗಡಿಯಾರವನ್ನು ನೋಡುವುದು, ಬೀದಿಯ ಹಿಮವನ್ನು ನೋಡುವುದು, ಇಷ್ಟೇ ಆಯಿತು.

ಎರಡನೆಯ ಕಾರಿನ ನಾಲ್ಕು ಚಕ್ರಗಳಲ್ಲಿಯೂ ಅಂಚು ಮುಳುಗಿತು. ಅಪಘಾತ ಸೂಚಿಸುವ ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೊಳೆಯುವ ಅಂಗಿ ಇವೆಲ್ಲ ಇವೆಯೇ ಎಂದು ನೋಡಿಕೊಂಡು, ಛಾವಣಿಯ ಮೇಲಿನ ಹಿಮವನ್ನೆಲ್ಲ ಬಳಿದು, ಮಧ್ಯಾಹ್ನ ಒಂದು ಗಂಟೆಗೆ ಹೊರಟೆವು. ಗಾಜಿನಲ್ಲಿ ಇಣುಕುವಷ್ಟು ಕಿಂಡಿ ಮಾಡಿಕೊಂಡು ಹೋಗುವುದನ್ನು ಅಲ್ಲಿಯ ಪೊಲೀಸರು ಒಪ್ಪುವುದಿಲ್ಲ.

ಮ್ಯೂನಿಕ್‌ನಿಂದ ಸಾಲ್ಸ್‌ಬುರ್ಗಿಗೆ ಸುಮಾರು 145 ಕಿಲೋಮೀಟರು. ಜರ್ಮನಿಯ ಹೆದ್ದಾರಿಯಲ್ಲಿ ವೇಗಕ್ಕೆ ಮಿತಿಯೇ ಇಲ್ಲವೆಂಬ ಪ್ರಸಿದ್ಧಿಯನ್ನು ಕೇಳಿದ್ದೆನು. ನಮ್ಮ ಹುಡುಗನು ಅರವತ್ತನ್ನು ದಾಟಲಿಲ್ಲ. ಇರ್ಷನ್‌ಬೆರ್ಗ್ ಎಂಬ ಏರಿನ ಬುಡದಲ್ಲಿ ಎಲ್ಲ ಗಾಡಿಗಳೂ ನಿಂತಿದ್ದವು. ಮೇಲೆ ಭಾರದ ಲಾರಿಯೊಂದು ಜಾರಿ ರಸ್ತೆಗೆ ಅಡ್ಡವಾಗಿತ್ತು. ಅಲ್ಲಿ ಕಂಡ ಒಂದು ನೋಟವನ್ನು ನಾನು ಮರೆಯಲಾರೆ. ಯಾರೂ ಕೂಗಲಿಲ್ಲ, ಹಾರನ್ನು ಬಾರಿಸಲಿಲ್ಲ. ಎಡಸಾಲಿನ ಕಾರುಗಳು ಎಡದ ಅಂಚಿಗೂ ಉಳಿದವು ಬಲಕ್ಕೂ ಸರಿದು, ಬೈತಲೆ ತೆಗೆದಂತೆ ನಡುವೆ ಒಂದು ಹಾದಿ ಬಿಟ್ಟವು. ತುಸು ಹೊತ್ತಿಗೆ ಆ ಹಾದಿಯಲ್ಲಿ ಅಂಬುಲೆನ್ಸು ಒಂದು ಹಾದುಹೋಯಿತು. ಹಾಗೆ ಹಾದಿ ಬಿಡುವುದು ಎರಡು ದೇಶಗಳಲ್ಲಿಯೂ ಕಾನೂನು. ನನ್ನ ಹೆಂಡತಿ ಅಂಬುಲೆನ್ಸಿಗೆ ಕೈಮುಗಿದಳು. ಒಳಗಿರುವವರು ಯಾರೋ, ಯಾರ ಮಕ್ಕಳೋ.

ನಲವತ್ತು ನಿಮಿಷದ ಮೇಲೆ ಸಾಲು ಕದಲಿತು. ನಮ್ಮ ಚಕ್ರಗಳು ಏರಿನಲ್ಲಿ ಒಮ್ಮೆ ತಡವರಿಸಿ, ಹಿಡಿದುಕೊಂಡು, ಹತ್ತಿದವು. ನಾನು ಆಗ ಆಡದ ಮಾತನ್ನು ಹುಡುಗನೂ ಆಡಲಿಲ್ಲ. ಮುಂದೆ ಕೀಮ್‌ಸೇ ಎಂಬ ದೊಡ್ಡ ಸರೋವರವು ರಸ್ತೆಯ ಮಗ್ಗುಲಲ್ಲಿಯೇ ಇರುವುದಂತೆ. ಮಬ್ಬಿನಲ್ಲಿ ಅದು ಕಾಣಿಸಲೇ ಇಲ್ಲ.

ಗಡಿಗೆ ಮುಂಚೆ ಒಂದು ಪೆಟ್ರೋಲಿನ ಅಂಗಡಿಯಲ್ಲಿ ನಿಲ್ಲಿಸಿ, ಆಸ್ಟ್ರಿಯಾದ ಹೆದ್ದಾರಿಯ ಸುಂಕದ ಚೀಟಿಯನ್ನು ಕೊಂಡೆವು. ಆಗ ಹತ್ತು ದಿನಕ್ಕೆ 9 ಯೂರೋ 90 ಸೆಂಟು ಇತ್ತು. ಅದನ್ನು ಮುಂದಿನ ಗಾಜಿಗೆ ಅಂಟಿಸಬೇಕಾಗಿತ್ತು. ಅಂಟಿಲ್ಲದ ಚೀಟಿಯನ್ನು ಅಂತರ್ಜಾಲದಲ್ಲಿಯೂ ಕೊಳ್ಳಬಹುದಾಗಿತ್ತು. ಆದರೆ ಆಗಿನ ನಿಯಮದಂತೆ ಅದು ಕೊಂಡ ಹದಿನೆಂಟನೆಯ ದಿನದಿಂದ ಜಾರಿಗೆ ಬರುತ್ತಿತ್ತು! ಅಷ್ಟರಲ್ಲಿ ಕೂಸಿನ ನಾಮಕರಣವೇ ಮುಗಿದಿರುವುದು. ವಿನೋದವೇನೆಂದರೆ, ಗಡಿಯಿಂದ ಸಾಲ್ಸ್‌ಬುರ್ಗಿನ ಉತ್ತರದ ತಿರುವಿನವರೆಗೆ ಆ ಸುಂಕವನ್ನು 2019ರ ಡಿಸೆಂಬರಿನಲ್ಲಿಯೇ ತೆಗೆದುಹಾಕಿದ್ದರೆಂದು ನಮಗೆ ತಿಳಿದುದು ಮರುದಿನ, ಅಳಿಯನ ಬಾಯಿಂದ.

ಇಷ್ಟು ಸಿದ್ಧತೆಯಾದ ಮೇಲೆ ಗಡಿಯೆಂದರೆ ಒಂದು ಕೋಟೆಯ ಬಾಗಿಲನ್ನಾದರೂ ಕಾಣುವೆನೆಂದು ನಾನು ಕಾದಿದ್ದೆನು. ವಾಲ್ಸರ್‌ಬೆರ್ಗ್ ಎಂಬಲ್ಲಿ ನೀಲಿ ಬಣ್ಣದ ಒಂದು ಹಲಗೆ, ಅದರ ಮೇಲೆ ಅರ್ಧ ಹಿಮ, ಅಷ್ಟೆ. "ಬಂದೆವು, ದೊಡ್ಡಮ್ಮ" ಎಂದನು ಹುಡುಗ. ಈಚಿನ ಹಿಮದಂತೆಯೇ ಆಚಿನದೂ ಇತ್ತು. ಸಾಲ್ಸ್‌ಬುರ್ಗ್ ಎಂದರೆ ಉಪ್ಪಿನ ಕೋಟೆ ಎಂದರ್ಥ. ಉಪ್ಪಿನ ವ್ಯಾಪಾರದಿಂದ ಬೆಳೆದ ಆ ಊರು 1803ರವರೆಗೆ ಆರ್ಚ್‌ಬಿಷಪ್ಪರು ಆಳುತ್ತಿದ್ದ ಸ್ವತಂತ್ರ ರಾಜ್ಯವಾಗಿತ್ತು. 1816ರಲ್ಲಿ ಅದು ಆಸ್ಟ್ರಿಯಾಕ್ಕೆ ಸೇರಿದಾಗ, ಅದರ ಪಡುವಣ ಹಳ್ಳಿಗಳು ಬವೇರಿಯಾದಲ್ಲಿಯೇ ಉಳಿದವು. ನಾವು ದಾಟಿದುದು ಆಗ ಎಳೆದ ಗೆರೆ. 1995ರಲ್ಲಿ ಆಸ್ಟ್ರಿಯಾ ಐರೋಪ್ಯ ಒಕ್ಕೂಟವನ್ನು ಸೇರಿತು. 1998ರಲ್ಲಿ ಇಲ್ಲಿಯ ತಪಾಸಣೆ ನಿಂತಿತು. ಭರಣಿಯ ತುಪ್ಪವನ್ನು ಯಾರೂ ಕೇಳಲಿಲ್ಲ. ಬೆಂಗಳೂರಿನಿಂದ ಬರಲೊಪ್ಪದ ತುಪ್ಪ ಮ್ಯೂನಿಕ್‌ನಿಂದ ಧಾರಾಳವಾಗಿ ಬರಬಹುದು.

ಆಸ್ಪತ್ರೆಯನ್ನು ಸೇರಿದಾಗ ಆರು ಗಂಟೆ, ಪೂರ್ತಿ ಕತ್ತಲೆ. ಮಗಳಿಗೆ ಇನ್ನೂ ಹೆರಿಗೆಯಾಗಿರಲಿಲ್ಲ. ತಾಯಿಯನ್ನು ಒಳಗೆ ಬಿಟ್ಟರು. ಬಾಗಿಲು ಮುಚ್ಚುವ ಮುನ್ನ "ಅಮ್ಮ, ಹೇಗೆ ಬಂದೆ?" ಎಂಬ ದನಿ ಕೇಳಿಸಿತು. ಮಂಗಳವಾರ ಬೆಳಗಿನ ಜಾವ ಹೆಣ್ಣು ಕೂಸು ಹುಟ್ಟಿತು. ಆ ಹೊತ್ತಿಗೆ ಮ್ಯೂನಿಕ್‌ನಲ್ಲಿ ಮಳೆ ಬಿದ್ದು ನೆಲದ ಮೇಲೆಯೇ ಹೆಪ್ಪುಗಟ್ಟಿ, ವಿಮಾನ ನಿಲ್ದಾಣವನ್ನು ಮತ್ತೆ ಮುಚ್ಚಿದ್ದರು.

ಬುಧವಾರ ಕಾರನ್ನು ಹಿಂದಿರುಗಿಸಬೇಕಾಗಿತ್ತು. ಹುಡುಗ ಒಬ್ಬನೇ ಹೋಗಬಾರದೆಂದು ನಾನೂ ಜೊತೆಗೆ ಹೊರಟೆನು. ಕೆಲವು ಪೆಟ್ಟಿಗೆಗಳೂ ಅಲ್ಲಿ ಉಳಿದಿದ್ದವು. ಬರುವಾಗ ಕಾಣದಿದ್ದ ಗಡಿ ಹೋಗುವಾಗ ಕಂಡಿತು. 2015ರ ಸೆಪ್ಟೆಂಬರಿನಿಂದ ಜರ್ಮನಿಯವರು ತಮ್ಮ ಕಡೆಗೆ ಬರುವವರನ್ನು ಮತ್ತೆ ತಪಾಸಣೆ ಮಾಡುತ್ತಿರುವರು. ಸಾಲಿನಲ್ಲಿ ನಿಂತು, ಗಾಜು ಇಳಿಸಿ, ಪಾಸ್‌ಪೋರ್ಟ್ ಕೊಟ್ಟೆನು. ತರುಣ ಪೊಲೀಸನೊಬ್ಬನು ಅದನ್ನು ತಿರುವಿ ನೋಡಿ, ಏತಕ್ಕೆ ಹೋಗಿದ್ದಿರೆಂದು ಕೇಳಿದನು. ಹುಡುಗನು ಜರ್ಮನ್ ಭಾಷೆಯಲ್ಲಿ ಏನೋ ಹೇಳಿದನು. ಪೊಲೀಸನು ನನ್ನ ಕಡೆ ಬಾಗಿ ನಕ್ಕು, ಒಂದು ಶಬ್ದ ನುಡಿದು ಕೈ ಬೀಸಿದನು. ತಾತ ಎಂಬುದಕ್ಕೆ ಅವರ ಮಾತಂತೆ ಅದು.

ಟೈರನ್ನು ಮಾತ್ರ ಎರಡು ದೇಶಗಳಲ್ಲಿಯೂ ಯಾರೊಬ್ಬರೂ ಬಗ್ಗಿ ನೋಡಲಿಲ್ಲ. ಇದನ್ನು ಹುಡುಗನಿಗೆ ಹೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಇರ್ಷನ್‌ಬೆರ್ಗಿನ ಇಳಿಜಾರು ಬಂದಿತು; ರಸ್ತೆಯ ಪಕ್ಕದ ಹಳ್ಳದಲ್ಲಿ ಸಣ್ಣ ಕಾರೊಂದು ಮೂತಿ ಹೂತು ನಿಂತಿತ್ತು, ಅದರೊಳಗೆ ಯಾರೂ ಇರಲಿಲ್ಲ. ನಾನು ಸುಮ್ಮನಾದೆನು.

ಊರಿಗೆ ಹೊರಡುವಾಗ ಆ ಎರಡು ಯೂರೋ ನಾಣ್ಯವನ್ನು ಹುಡುಗನಿಂದ ಕೇಳಿ ತಂದೆನು. ಮೈಸೂರಿಗೆ ಬಂದ ಮರುದಿನ, ಹಾಲಿನವನು ನೋಡುತ್ತಿದ್ದಂತೆ, ನನ್ನ ಹಳೆಯ ಕಾರಿನ ಮುಂದೆ ಮಂಡಿಯೂರಿ ಅದನ್ನು ಟೈರಿನ ಸಂದಿಗೆ ತೂರಿಸಿದೆನು. ಬೆಳ್ಳಿಯ ಅಂಚು ಮುಕ್ಕಾಲು ಪಾಲು ಹೊರಗೇ ಉಳಿಯಿತು.